ಪೌಣೆ ಹಜಾರ್

“ಕೈ ಹಚ್ಚಬ್ಯಾಡ್ರಿ ಸಾಹೇಬ್ರ. ಮೊದಲ ಸೀಲ್ ನೋಡ್ರಿ.”

ಬಸವಕುಮಾರ ನನ್ನ ಕೈಗೆ ಭೂತಗನ್ನಡಿ ಕೊಟ್ಟ. ಕಲ್ಯಾಣ ಸ್ಟೇಷನ್ ಹತ್ತಿರದ ಅವನ ಅಂಗಡಿಯಲ್ಲಿ, ಮೇಜಿನ ರಬ್ಬರ್ ಹಾಸಿನ ಮೇಲೆ, ಅಶ್ಮಿತಾಳ ಕಂಪ್ಯೂಟರ್ ಮಗ್ಗುಲಾಗಿ ಮಲಗಿತ್ತು. ಪಕ್ಕದ ಗಾಜನ್ನು ಆಗಲೇ ತೆಗೆದಿಟ್ಟಿದ್ದ. ಒಳಗೆ ತಳದಲ್ಲಿ ಕಪ್ಪು ತಗಡಿನ ಒಂದು ಮುಚ್ಚಳ. ಇಡೀ ಮಷೀನಿಗೆ ಕರೆಂಟು ಕೊಡುವ ಪವರ್ ಸಪ್ಲೈ ಇರುವುದು ಅದರ ಕೆಳಗೆ. ಮುಚ್ಚಳದ ಸ್ಕ್ರೂಗಳ ಮೇಲೆ ಅಂಗಡಿಯ ಹೆಸರಿದ್ದ ಬೆಳ್ಳಿ ಬಣ್ಣದ ಚೀಟಿ ಅಂಟಿಸಿತ್ತು.

ಮೂವತ್ತನಾಲ್ಕು ವರ್ಷ ರೈಲ್ವೆಯ ಪಾರ್ಸೆಲ್ ಕ್ಲೇಮು ವಿಭಾಗದಲ್ಲಿ ಸೀಲುಗಳನ್ನೇ ನೋಡಿಕೊಂಡು ಬಂದವನು ನಾನು. ಹಬೆ ಹಿಡಿದು ಎಬ್ಬಿಸಿದ್ದು, ಬ್ಲೇಡಿನಲ್ಲಿ ಕೊಯ್ದದ್ದು, ಕಿತ್ತು ಮತ್ತೆ ಅಂಟಿಸಿದ್ದು, ಎಲ್ಲದರ ಗುರುತೂ ನನಗೆ ಗೊತ್ತು. ಈ ಸೀಲನ್ನು ಯಾರೂ ಮುಟ್ಟಿರಲಿಲ್ಲ.

“ತೆಗಿ,” ಅಂದೆ.

ನನ್ನ ಪಕ್ಕದಲ್ಲಿ ನಿಂತಿದ್ದ ಶಿವಾನಿ ಉಗುರು ಕಚ್ಚುತ್ತಿದ್ದಳು. ನನ್ನನ್ನು ಈ ಕೆಲಸಕ್ಕೆ ಎಳೆದವಳು ಅವಳೇ. ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟ ಆಡುವ ಐವರು ಹುಡುಗಿಯರ ತಂಡಕ್ಕೆ ಅವಳು ಕ್ಯಾಪ್ಟನ್. ಅಶ್ಮಿತಾ ಆ ತಂಡದ ಒಳ್ಳೆಯ ಗುರಿಕಾರ್ತಿ. ಅವರವರ ಮನೆಯಲ್ಲೇ ಕೂತು ಆಡುವ ಪಂದ್ಯ. ಶನಿವಾರ ಸೆಮಿಫೈನಲ್ಲಿನ ಕೊನೆಯ ಸುತ್ತಿನಲ್ಲಿ ಅಶ್ಮಿತಾಳ ಹೊಸ ಕಂಪ್ಯೂಟರ್ ಪಟ್ಟನೆ ಆರಿಹೋಯಿತು, ತಂಡ ಸೋತಿತು. ಅಂದೇ ಸಂಜೆ ಪಂದ್ಯದ ಸಮಿತಿಗೆ ಹೆಸರಿಲ್ಲದ ಒಂದು ಇಮೇಲ್ ಹೋಯಿತು. ಆಕೆ ಬೇಕೆಂದೇ ಸೋತಿದ್ದಾಳೆ, ನಡುವೆ ಆಫ್ ಆಗಲಿ ಅಂತಲೇ 750 ವ್ಯಾಟಿನ ಪವರ್ ಸಪ್ಲೈ ಹಾಕಿಸಿಕೊಂಡಿದ್ದಾಳೆ, ಬಿಚ್ಚಿ ನೋಡಿ ಎಂದು ಅದರಲ್ಲಿತ್ತು.

ನಾಳೆ ಬೆಳಗ್ಗೆ ಹನ್ನೊಂದಕ್ಕೆ ಸಮಿತಿ ಕೂಡುತ್ತದೆ. ಸರಿಯಾದ ಉತ್ತರ ಕೊಡದಿದ್ದರೆ ಅಶ್ಮಿತಾಳಿಗೆ ಎರಡು ವರ್ಷ ಆಟ ಬಂದ್. ಅವಳಿಗೀಗ ಇಪ್ಪತ್ತೆರಡು. ಈ ಆಟದಲ್ಲಿ ಇಪ್ಪತ್ತನಾಲ್ಕಕ್ಕೆ ಬೆರಳು ಮುದಿಯಾಗುತ್ತದಂತೆ. ಅರವತ್ತಮೂರರ ನಾನು ಇದನ್ನು ಕೇಳಿ ನನ್ನ ಬೆರಳು ನೋಡಿಕೊಂಡೆ.

ಬಸವಕುಮಾರ ಚೀಟಿ ಹರಿದು, ಸ್ಕ್ರೂ ಬಿಚ್ಚಿ, ಪವರ್ ಸಪ್ಲೈಯನ್ನು ಹೊರಗೆಳೆದು ತಿರುವಿದ. ಅಡಿಯಲ್ಲಿದ್ದ ಲೇಬಲ್ ಮೇಲೆ ದಪ್ಪಗೆ 750 ಎಂದಿತ್ತು.

“ಅರೇ ದೇವಾ,” ಅಂದಳು ಶಿವಾನಿ. “ಇಮೇಲ್‌ನ್ಯಾಗ ಬರೆದದ್ದು ಖರೇನೇ ಅದ.”

ಬಸವಕುಮಾರನ ಮುಖದಲ್ಲಿ ಮಾತ್ರ ಆಶ್ಚರ್ಯ ಕಾಣಲಿಲ್ಲ. “ಹೌದ್ರಿ,” ಅಂದ ಮೆಲ್ಲಗೆ. “ನಾನೇ ಹಾಕಿದ್ದು.”

“ಏನಂದಿ?”

“ಫೋನ್ ಬಂದಿತ್ರಿ. ಹಾಕಂದ್ರು, ಹಾಕಿದೆ.”

ನನಗೆ ಸಿಟ್ಟು ಬಂತು. ಎರಡು ದಿನದಿಂದ ಅವನು ಇದನ್ನು ಬಾಯಿ ಬಿಟ್ಟಿರಲಿಲ್ಲ. ಯಾಕೆ ಅಂತ ಕೇಳಿದರೆ, ನೀವು ಕೇಳಲಿಲ್ಲ ಅಂದ. ವಿಜಯಪುರದಿಂದ ಬಂದು ಇಪ್ಪತ್ತು ವರ್ಷವಾದರೂ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಅವನ ಚಾಳಿ ಬಿಟ್ಟಿಲ್ಲ.

“ಮೊದಲಿಂದ ಹೇಳು,” ಅಂದೆ. “ಈ ಮಷೀನ್ ಹೆಂಗ ಆರಿಸಿದ್ರಿ, ಒಂದೊಂದ ಹೇಳು.”

ಅವನ ಮುಖ ಅರಳಿತು. ತನ್ನ ಕಸುಬಿನ ಮಾತು ಬಂದರೆ ಅವನು ಬೇರೆಯೇ ಮನುಷ್ಯ.

“ಬ್ಯಾರೆ ಅಂಗಡಿಯವ್ರು ಮೊದಲ ಬಜೆಟ್ ಎಷ್ಟು ಅಂತಾರ. ನಾ ಮೊದಲ ಪರದೆ ಕೇಳತೀನ್ರಿ. ಯಾವ ಮಾನಿಟರ್, ಯಾವ ಆಟ. ಪರದೆ ತಿಳೀತಂದ್ರ ಚಿತ್ರ ಮೂಡಸೋ ಗ್ರಾಫಿಕ್ಸ್ ಕಾರ್ಡ್ ತಿಳೀತದ. ಕಾರ್ಡ್ ತಿಳೀತಂದ್ರ ಪ್ರೊಸೆಸರ್. ಪವರ್ ಸಪ್ಲೈ ಎಲ್ಲಾರ್ಕಿಂತ ಕಡೀಕ. ಮನೀ ಮಂದಿ ಎಷ್ಟು ಅಂತ ಗೊತ್ತಾದ ಮ್ಯಾಲ ಅನ್ನಕ್ಕ ಇಡೋದು ಹಂಗ.”

“ಮತ್ತ ಆ ಹುಡುಗಿ?”

“ಆಕಿ ಮೂರು ತಾಸು ಕೂತಿದ್ಲು ಸಾಹೇಬ್ರ. ನನಗ ಆರಿಸಾಕ ಏನೂ ಉಳಿಸಲಿಲ್ಲ.”

ಡ್ರಾಯರಿನಿಂದ ಒಂದು ಹಾಳೆ ತೆಗೆದ. ಅಶ್ಮಿತಾಳ ಸ್ವಂತ ಅಕ್ಷರ, ಇಂಗ್ಲಿಷಿನಲ್ಲಿ. ಒಂದೊಂದು ಬಿಡಿಭಾಗದ ಮುಂದೆಯೂ ಯಾಕೆ ಅದೇ ಬೇಕು ಎಂದು ಬರೆದಿದ್ದಳು. ಬಣ್ಣಬಣ್ಣದ ದೀಪ ಬೇಡ, ಅದೇ ದುಡ್ಡಿಗೆ ಒಳ್ಳೆಯ ಕೂಲರ್. ಕ್ಯಾಬಿನೆಟ್ಟಿನ ಮುಂದೆ ಗಾಜು ಬೇಡ, ಜಾಲರಿ ಬೇಕು. ಮನೆಯಿರುವ ಖಾರಘರದಲ್ಲಿ ಗುಡ್ಡ ಕಡಿಯುವ ಧೂಳು, ಜಾಲರಿಯಾದರೆ ತೊಳೆಯಬಹುದು. ಫ್ಯಾನ್ ಸದ್ದು ಮಾಡಬಾರದು, ಪಕ್ಕದ ಕೋಣೆಯಲ್ಲಿ ಅಪ್ಪ ಮಧ್ಯಾಹ್ನ ಮಲಗುತ್ತಾರೆ. ಕಾರ್ಡು ಮುನ್ನೂರು ವ್ಯಾಟಿನದು, ಅಷ್ಟು ಸಾಕು. ಪವರ್ ಸಪ್ಲೈ ಮಾತ್ರ ಸಾವಿರ ವ್ಯಾಟ್.

“ಈ ಕಾರ್ಡ್‌ಗೆ ಸಾವಿರ ಬೇಕಾಗಿತ್ತೇನು?”

“ಇಲ್ರಿ. ಏಳನೂರೈವತ್ತು ಸಾಕಿತ್ತು. ನಾನೂ ಹೇಳಿದೆ. ಮುಂದ ಯಾವಾಗರೆ ದೊಡ್ಡ ಕಾರ್ಡ್ ಹಾಕಬಹುದು, ಇರಲಿ ಅಂದ್ಲು.”

ಪಾರ್ಸೆಲ್ಲಿನ ಗಂಟು ನೋಡಿದರೆ ಕಳಿಸಿದವರ ಸ್ವಭಾವ ತಿಳಿಯುತ್ತದೆ. ಉಪ್ಪಿನಕಾಯಿ ಜಾಡಿಗೆ ಎರಡೆರಡು ಗಂಟು ಹಾಕುವ ತಾಯಂದಿರ ಜಾತಿಗೆ ಸೇರಿದವಳು ಈ ಹುಡುಗಿ. ನಡುವೆ ಆರಿಹೋಗಲಿ ಎಂದು ಮಷೀನು ಮಾಡಿಸಿಕೊಳ್ಳುವವಳು ಇಂಥ ಪಟ್ಟಿ ಬರೆಯುವುದಿಲ್ಲ. ಅವಳು ತಪ್ಪು ಮಾಡಿಲ್ಲವೆಂದು ನನಗೆ ಅಲ್ಲೇ ಖಾತ್ರಿಯಾಯಿತು. ಆದರೆ ನನ್ನ ಖಾತ್ರಿಯನ್ನು ಕಟ್ಟಿಕೊಂಡು ಸಮಿತಿಗೆ ಏನಾಗಬೇಕು?

“ಈಗ ಫೋನಿನ ವಿಷಯ.”

ಅವನು ನೋಟ್‌ಬುಕ್ ಬಿಡಿಸಿದ. 1000 ಎಂಬುದನ್ನು ಹೊಡೆದು ಪಕ್ಕದಲ್ಲಿ 750 ಎಂದು ಬರೆದಿದ್ದ. ಕೆಳಗೆ ಕನ್ನಡದಲ್ಲಿ, “ಮನೆಯವರ ಫೋನ್. ಪೌಣೆ ಹಜಾರ್.”

“ಹಿಂಗೇ ಅಂದ್ರಾ? ಪೌಣೆ ಹಜಾರ್ ಅಂತ?”

“ಇದೇ ಶಬ್ದ ರೀ. ಒಬ್ಬ ಗಂಡಸು. ಅಶ್ಮಿತಾ ಕೆ ಘರ್ ಸೇ ಬೋಲ್ ರಹಾ ಹೂಂ, ಸಪ್ಲೈ ಬದಲ್ನಾ ಹೈ, ಪೌಣೆ ಹಜಾರ್ ಕರ್ ದೋ. ಪೌಣೆ ಹಜಾರ್ ಅಂದ್ರ ಕಾಲು ಕಮ್ಮಿ ಸಾವಿರ. ಏಳನೂರೈವತ್ತು. ಕಮ್ಮಿ ಮಾಡ್ಲಿಕತ್ತಾರಲ್ಲ ಅನಿಸ್ತು. ಆದ್ರ ಪಟ್ಟ್ಯಾಗಿನ ಕಾರ್ಡ್‌ಗೆ ಅಷ್ಟು ಸಾಕಲ್ರಿ. ಆಕಿಗೆ ಎರಡ ಸಲ ಫೋನ್ ಹಚ್ಚಿದೆ, ಎತ್ತಲಿಲ್ಲ.”

“ಬಿಲ್ಲಿನ್ಯಾಗ?”

“ಗೇಮಿಂಗ್ ಮಷೀನ್, ಒಂದು. ಅಷ್ಟೇ ಬರದೀನಿ. ಖಾಲಿ ಡಬ್ಬಿ, ವಾರಂಟಿ ಕಾಗದ ಎಲ್ಲಾ ಇಲ್ಲೇ ಅಟ್ಟದ ಮ್ಯಾಗ ಅದಾವ್ರಿ. ಈ ಕಡೆ ಫ್ಲ್ಯಾಟಿನ್ಯಾಗ ಡಬ್ಬಿ ಇಡಾಕ ಯಾರ ಕಡೆ ಜಾಗ ಐತಿ? ಒಂದ ತಿಂಗಳ ನಾನೇ ಇಟಗೋತೀನಿ.”

ನಾನು ಅಟ್ಟ ಹತ್ತಿ ನೋಡಿದೆ. ಎಲ್ಲ ಡಬ್ಬಿಗಳೂ ಇದ್ದವು. ಅಂದರೆ 750 ಎಂಬ ಅಂಕಿ ಈ ಅಂಗಡಿಯಿಂದ ಹೊರಗೆ ಹೋಗಿರಲಿಲ್ಲ. ಸೀಲು ಒಡೆಯದೆ ಅದನ್ನು ಕಣ್ಣಿನಿಂದ ನೋಡುವ ದಾರಿ ಯಾರಿಗೂ ಇರಲಿಲ್ಲ.

ಇಳಿದು ಬಂದಾಗ ಬಸವಕುಮಾರ ಇನ್ನೊಂದು ಮಾತು ಹೇಳಿದ. “ಸಾಹೇಬ್ರ, ಈ ಕಾರ್ಡ್ ನಂದಲ್ರಿ. ನಾ ಹಾಕಿದ್ದು ಮುನ್ನೂರ ವ್ಯಾಟಿಂದು. ಇದು ನಾನೂರೈವತ್ತರದು.”

“ಅದು ಹಿತೇಶ್ ಭಾಯ್ ಗಿಫ್ಟ್ ಕೊಟ್ಟಿದ್ದು ಕಾಕಾ,” ಅಂದಳು ಶಿವಾನಿ. “ಆಶೂ, ಅಂದ್ರ ಅಶ್ಮಿತಾನ ಅಣ್ಣ. ಬುಧವಾರ ಅವರ ಮನೀಗೆ ಹೋಗಿ ನಾನೇ ಕೂಡಿಸಿದೆ. ಗಾಜು ಕೈಲೇ ತೆಗೀಲಿಕ್ಕೆ ಬರ್ತದ. ಕೆಳಗಿನ ಸೀಲ್ ನಾ ಮುಟ್ಟಿಲ್ಲ.” ಮತ್ತೆ ಸೇರಿಸಿದಳು, “ಆಶೂ ಆಡೋದು ಭಾಯ್‌ಗೆ ಪಸಂದ್ ಇಲ್ಲ. ಎರಡು ತಿಂಗಳ ಹಿಂದ ಇದೇ ಅಂಗಡಿಗೆ ಬಂದು ಜಗಳಾ ಮಾಡಿದ್ರು. ಅಂಥವ್ರು ಒಮ್ಮೆಲೇ ಗಿಫ್ಟ್ ಯಾಕ ಕೊಟ್ರು ಅಂತ ನನಗೂ ತಿಳೀಲಿಲ್ಲ.”

ಈಗ ಲೆಕ್ಕ ಸರಿಹೋಯಿತು. ದೊಡ್ಡ ಕಾರ್ಡಿಗೆ ನಾನೂರೈವತ್ತು, ಪ್ರೊಸೆಸರಿಗೆ ಇನ್ನೂರೈವತ್ತು, ಮೇಲೆ ಫ್ಯಾನು ಅದು ಇದು. ಆಟ ಬಿರುಸಾದಾಗ ಕಾರ್ಡು ಒಂದು ಕ್ಷಣ ಇನ್ನಷ್ಟು ಎಳೆಯುತ್ತದಂತೆ. ಏಳುನೂರೈವತ್ತರ ಸಪ್ಲೈ ಕೈಯೆತ್ತಿಬಿಡುತ್ತದೆ. ಅಶ್ಮಿತಾ ಬರೆದ ಸಾವಿರವೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಶಿವಾನಿ ಕೈಗಡಿಯಾರ ನೋಡಿಕೊಂಡಳು. ಅವಳ ಮನೆಯವರು ಬೆಳಗಾವಿ ಕಡೆಯವರು, ಕಲ್ಯಾಣಕ್ಕೆ ಬಂದು ಮೂರು ತಲೆಮಾರು. ಅವಳಿಗೆ ಐರೋಲಿಯಲ್ಲಿ ಕೆಲಸ, ಹೊತ್ತಾಯಿತೇನೋ ಅಂದುಕೊಂಡೆ.

“ನಾ ಹೊಂಟೆ ಕಾಕಾ. ಸಂಜೀಕ ನಿಮ್ಮ ಮನೀಗೆ ಬರ್ತೀನಿ. ಪೌಣೆ ಆರಕ್ಕ. ಚಾಲೇಲ್? ನಡೀತದಲ್ಲ?”

“ಬಾ,” ಅಂದೆ.

ಅವಳು ಹೋದ ಮೇಲೆ ಬಸವಕುಮಾರನ ಮೊಬೈಲಿನಲ್ಲಿ ಆ ದಿನದ ಕರೆಗಳನ್ನು ಹುಡುಕಿದೆವು. ಸಿಕ್ಕಿದ್ದು ಒಂದು ಲ್ಯಾಂಡ್‌ಲೈನ್ ನಂಬರು. ಅದನ್ನು ಚೀಟಿಯಲ್ಲಿ ಬರೆದುಕೊಂಡು, ಮೆಟ್ಟಿಲಿಳಿದು ರಸ್ತೆಗೆ ಬಂದು, ನನ್ನ ಫೋನಿನಿಂದ ಹಚ್ಚಿದೆ.

“ನಮಸ್ಕಾರ, ಹೋಟೆಲ್,” ಎಂದಿತು ಒಂದು ಗಂಡುಧ್ವನಿ. ಕರಾವಳಿಯ ಕನ್ನಡ. ಹಿಂದೆ ತಟ್ಟೆಗಳ ಸದ್ದು.

ಯಾರು ಮಾತಾಡುವುದು ಎಂದು ಕೇಳಿದೆ. ಹಿತೇಶ್ ಎಂದ. ಖಾರಘರದಲ್ಲಿ ಅವರ ತಂದೆ ಮುಂಡಪ್ಪನವರು ನಡೆಸುವ ಹೋಟೆಲಿನ ಗಲ್ಲೆಯ, ಅಂದರೆ ದುಡ್ಡು ಕಟ್ಟುವ ಮೇಜಿನ, ಫೋನು ಅದು.

“ಅಶ್ಮಿತಾನ ವಿಷಯ ಮಾತಾಡಬೇಕು. ಪೌಣೆ ಮೂರಕ್ಕ ಬರ್ತೀನಿ, ಇರ್ತೀರೇನು?”

“ಪೌಣೆ ಮೂರು. ಆಯ್ತು, ಇರ್ತೇನೆ,” ಅಂದ.

ಈ ಹೆಸರನ್ನು ಬಸವಕುಮಾರನಿಗೂ ನಾನು ಹೇಳಲಿಲ್ಲ.

*

ಎರಡು ನಲವತ್ತೆರಡಕ್ಕೆ ನಾನು ಹೋಟೆಲಿನಲ್ಲಿದ್ದೆ. ಹಿತೇಶ್ ಇರಲಿಲ್ಲ.

ಎರಡೂಮುಕ್ಕಾಲಾಯಿತು. ಮೂರಾಯಿತು. ಎರಡನೇ ಚಹಾ ಬಂತು. ಚಹಾ ಚೆನ್ನಾಗಿತ್ತು, ಅದೇ ಇನ್ನೂ ಸಿಟ್ಟು ತರಿಸಿತು. ಹೇಳಿದ ಹೊತ್ತಿಗೆ ಬಾರದವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ರೈಲ್ವೆಯ ಅನ್ನ ತಿಂದ ರೋಗ ಅದು. ಓಡಿಹೋದನೇನೋ ಎಂಬ ಅನುಮಾನವೂ ಬಂತು. ತಂಗಿಯ ಆಟ ಇಷ್ಟವಿಲ್ಲದ ಅಣ್ಣ, ಅಂಗಡಿಗೆ ಬಂದು ಜಗಳವಾಡಿದವನು, ಹೆಸರು ಹೇಳದೆ ಫೋನು ಮಾಡಿ ಸಪ್ಲೈ ಇಳಿಸಿದವನು, ಆಮೇಲೆ ದೊಡ್ಡ ಕಾರ್ಡು ತಂದುಕೊಟ್ಟವನು. ಇದಕ್ಕಿಂತ ಇನ್ನೇನು ಬೇಕು?

ಮೂರೂ ಹದಿನಾಲ್ಕಕ್ಕೆ ಹಿತೇಶ್ ಬಂದ. ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ. ಗೋಡೆಯ ಗಡಿಯಾರ ನೋಡಿ ನಗುತ್ತಲೇ ಬಂದು ಎದುರಿಗೆ ಕೂತ.

“ಒಂದು ನಿಮಿಷ ಮೊದಲೇ ಬಂದೆ, ಅಲ್ವಾ?”

“ಅರ್ಧ ತಾಸು ತಡ ಆತು ನಿಮಗ.”

“ಎಂತ ಹೇಳ್ತೀರಿ ಮಾರಾಯ್ರೆ? ಪೌಣೆ ಮೂರು ಅಂದದ್ದು ನೀವೇ. ಈಗ ಮೂರೂಕಾಲು ಆಯ್ತಷ್ಟೆ.”

ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿ, ಕಿಸೆಯಿಂದ ಪೆನ್ನು ತೆಗೆದೆ.

“ಹಿತೇಶ್ ಅವ್ರ, ಹೋದ ತಿಂಗಳು ಕಲ್ಯಾಣದ ಕಂಪ್ಯೂಟರ್ ಅಂಗಡಿಗೆ ಫೋನ್ ಮಾಡಿದ್ದು ನೀವೇನು?”

ನಗು ಮಾಯವಾಯಿತು. “ನಾನಾ? ಇಲ್ಲ. ನಾನು ಎಂತಕ್ಕೆ ಮಾಡ್ಲಿ?”

“ಇದೇ ಗಲ್ಲೆಯ ಫೋನಿನಿಂದ ಹೋಗ್ಯದ.”

“ಇಲ್ಲಿ ಹತ್ತು ಜನ ಇದ್ದಾರೆ. ಯಾರು ಬೇಕಾದ್ರೂ ಮಾಡಿರ್ಬಹುದು.”

“ಆಗಲಿ. ಒಂದು ಸಣ್ಣ ಉಪಕಾರ ಮಾಡ್ರಿ.” ಟಿಶ್ಯೂ ಕಾಗದವೊಂದನ್ನು ಅವನತ್ತ ತಳ್ಳಿದೆ. “ಪೌಣೆ ಹಜಾರ್ ಅಂತ ಅಂಕಿಯೊಳಗ ಬರದು ತೋರಸ್ರಿ.”

ಅವನು ನನ್ನ ಮುಖ ನೋಡಿದ, ಪೆನ್ನು ನೋಡಿದ. ಆಮೇಲೆ ಬರೆದ. ಬಹಳ ಯೋಚನೆಯನ್ನೇನೂ ಮಾಡಲಿಲ್ಲ.

1250.

“ಪಾವು ಕಿಲೋ ಅಂದ್ರೆ ಕಾಲು ಕಿಲೋ,” ಅಂದ, ಪಾಠ ಒಪ್ಪಿಸುವವನ ಹಾಗೆ. “ಪೌಣೆ ಅಂದ್ರೆ ಮೇಲೆ ಕಾಲು. ಸಾವಿರದ ಮೇಲೆ ಕಾಲು ಸಾವಿರ.”

“ಮ್ಯಾಲಲ್ಲ ತಮ್ಮಾ. ಕಾಲು ಕಮ್ಮಿ.”

ಅವನಿಗೆ ತಕ್ಷಣ ತಿಳಿಯಲಿಲ್ಲ. ನಾನು 1250 ಎಂಬುದನ್ನು ಹೊಡೆದು ಕೆಳಗೆ 750 ಎಂದು ಬರೆದೆ. “ಮ್ಯಾಲ ಕಾಲು ಬೇಕಾದ್ರ ಸವಾ ಹಜಾರ್ ಅನಬೇಕು. ನೀವು ಪೌಣೆ ಅಂದ್ರಿ. ಅಂಗಡಿಯವ ಇಷ್ಟು ಹಾಕಿದ. ಶನಿವಾರ ನಿಮ್ಮ ತಂಗೀ ಮಷೀನ್ ಆರಿದ್ದು ಇದಕ್ಕ.”

ಹಿತೇಶ್ ಆ ಕಾಗದವನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡ. ಗಲ್ಲೆಯ ಹತ್ತಿರ ಯಾರೋ ಅವನನ್ನು ಕರೆದರು. ಅವನಿಗೆ ಕೇಳಿಸಲಿಲ್ಲ.

“ನಾನೇ ಮಾಡಿದ್ದಾ?” ಅಂದ ಕೊನೆಗೆ. “ಅವಳು ಮೂರು ದಿನದಿಂದ ಸರಿಯಾಗಿ ಊಟ ಮಾಡ್ಲಿಲ್ಲ. ನಾನೇ ದಿನಾ ಪಾರ್ಸೆಲ್ ತೆಕೊಂಡು ಹೋಗಿ ಬಾಗಿಲು ಬಡೀತೇನೆ. ನಾನೇ ಮಾಡಿದ್ದಾ ಅದು?”

ನನಗೆ ಕೆಟ್ಟೆನಿಸಿತು. ಆರೋಪಿಯನ್ನು ಹಿಡಿಯಲು ಬಂದವನು, ಪಾಪದ ಒಬ್ಬ ಅಣ್ಣನನ್ನು ಹಿಡಿದು ಕೂತಿದ್ದೆ.

ಅವನು ತಾನಾಗಿಯೇ ಎಲ್ಲ ಹೇಳಿದ. ಉಡುಪಿಯಲ್ಲೇ ಓದಿ ಬೆಳೆದವನು, ಇಲ್ಲಿಗೆ ಬಂದು ಎರಡೇ ವರ್ಷ. ಅಶ್ಮಿತಾ ಇಲ್ಲಿ ಅಪ್ಪ ಅಮ್ಮನ ಹತ್ತಿರ ಬೆಳೆದವಳು. ಆಟ ಆಡಿಕೊಂಡು ಕೂತರೆ ಏನಾಗುತ್ತದೆ ಎಂದು ಅವನು ಬಾಯಿಗೆ ಬಂದದ್ದು ಅಂದಿದ್ದ, ಅಂಗಡಿಗೆ ಹೋಗಿ ಬಸವಕುಮಾರನ ಮೇಲೂ ಕೂಗಾಡಿದ್ದ. ಆಮೇಲೆ ಒಂದು ದಿನ ಅವಳ ಬೆನ್ನ ಹಿಂದೆ ನಿಂತು ಆಟ ನೋಡಿದ.

“ಮನೆಯಲ್ಲಿ ಒಂದು ಲೋಟ ಎತ್ತಿಡ್ಲಿಕ್ಕೆ ಹತ್ತು ಸಲ ಹೇಳ್ಬೇಕು ಅವಳಿಗೆ,” ಅಂದ. “ಅಲ್ಲಿ ನಾಲ್ಕು ಜನಕ್ಕೆ ದಾರಿ ತೋರಿಸ್ತಾ ಇದ್ಲು. ನನ್ನ ತಂಗಿಯಾ ಇದು ಅನ್ನಿಸಿತು. ಸಾರಿ ಹೇಳ್ಲಿಕ್ಕೆ ನನಗೆ ಬರುದಿಲ್ಲ. ಅದಕ್ಕೇ ಕಾರ್ಡ್ ತಂದದ್ದು. ಅವಳಿಗೆ ಗೊತ್ತಾಗ್ಬಾರ್ದು ಅಂತ ಇತ್ತು.”

“ಹೆಸರು ಯಾಕ ಹೇಳಲಿಲ್ಲ ಫೋನಿನ್ಯಾಗ?”

“ಜಗಳ ಮಾಡಿದ್ದೇನಲ್ಲ. ನನ್ನ ಕನ್ನಡ ಕೇಳಿದ್ರೆ ಅವರಿಗೆ ಗುರ್ತ ಸಿಕ್ತದೆ, ಅವಳಿಗೆ ಹೇಳಿಬಿಡ್ತಾರೆ. ಅದಕ್ಕೆ ಇಲ್ಲಿಯವರ ಹಾಗೆ ಹಿಂದಿಯಲ್ಲಿ ಮಾತಾಡಿದ್ದು.”

ನಾನು ಇಮೇಲಿನ ಪ್ರತಿಯನ್ನು ಬಿಡಿಸಿ ಮೇಜಿನ ಮೇಲಿಟ್ಟೆ. ಅದರಲ್ಲಿಯೂ 750 ಇತ್ತು. 750 ಸಾಲದೆ ಆಫ್ ಆಗುತ್ತದೆ ಎಂದು ಬರೆದವರಿಗೆ ದೊಡ್ಡ ಕಾರ್ಡು ಬಂದದ್ದು ಗೊತ್ತಿತ್ತು, ಸಪ್ಲೈ 750 ಎಂಬುದೂ ಗೊತ್ತಿತ್ತು. ಬಸವಕುಮಾರನಿಗೆ ಕಾರ್ಡಿನ ವಿಷಯ ಇಂದು ಬೆಳಗ್ಗೆಯವರೆಗೆ ತಿಳಿದಿರಲಿಲ್ಲ. ಹಿತೇಶನಿಗೆ ಕಾರ್ಡು ಗೊತ್ತಿತ್ತು, ಆದರೆ ಅವನ ತಲೆಯಲ್ಲಿದ್ದ ಅಂಕಿ 1250. ಅವನು ಬರೆಯಲು ಸಾಧ್ಯವೇ ಇಲ್ಲ.

ಸೀಲಿನೊಳಗಿನದು ಕಣ್ಣಿಗೆ ಕಾಣುವಂತಿರಲಿಲ್ಲ. ಹಾಗಾದರೆ ಅದನ್ನು ಕಿವಿಯಿಂದ ತಿಳಿದುಕೊಂಡವರು ಯಾರೋ ಇದ್ದಾರೆ.

“ನೀವು ಫೋನ್ ಮಾಡಿದಾಗ ಬಾಜೂಕ ಯಾರಿದ್ರು?”

“ಬೇರೆ ಯಾರೂ ಇರ್ಲಿಲ್ಲ. ಶಿವಾನಿ ಒಬ್ಬಳೇ.”

ನಾನು ಪೆನ್ನನ್ನು ಕಿಸೆಗೆ ಸೇರಿಸಿದೆ.

“ಕಾರ್ಡ್ ಆರಿಸಿ ಕೊಟ್ಟದ್ದೇ ಅವಳು. ನನಗೆ ಅದರ ತಲೆಬುಡ ಗೊತ್ತಿಲ್ಲ. ಇಷ್ಟು ದೊಡ್ಡ ಕಾರ್ಡಿಗೆ ಒಂದೂಕಾಲು ಸಾವಿರದ ಸಪ್ಲೈ ಬೇಕು ಅಂದ್ಲು. ಇಲ್ಲಿಯ ಭಾಷೆಯಲ್ಲಿ ಅದಕ್ಕೆ ಎಂತ ಹೇಳುದು ಅಂತ ಕೇಳಿದೆ.” ಹಿತೇಶ್ ಟಿಶ್ಯೂ ಕಾಗದವನ್ನು ಸಣ್ಣಗೆ ಮಡಚುತ್ತಿದ್ದ. “ಪೌಣೆ ಹಜಾರ್ ಅಂತ ಹೇಳಿಕೊಟ್ಲು.”

*

ಖಾರಘರದಿಂದ ಠಾಣೆಗೆ ಕೂರಲು ಸೀಟು ಸಿಕ್ಕಿತು. ಕಿಟಕಿಯಾಚೆ ಗುಡ್ಡ ಹೋಯಿತು, ಖಾಡಿಯ ಉಪ್ಪುನೀರು ಬಂತು, ಐರೋಲಿಯ ಗಾಜಿನ ಕಟ್ಟಡಗಳು ಬಂದು ಹೋದವು. ನಾನು ಶಿವಾನಿಯ ಪರವಾಗಿ ವಾದ ಮಾಡುತ್ತ ಕೂತಿದ್ದೆ.

ಅವಳಿಗೂ ಗೊತ್ತಿಲ್ಲದೆ ತಪ್ಪಾಗಿರಬಹುದಲ್ಲ? ಈಗಿನ ಮಕ್ಕಳಿಗೆ ಸವಾ, ಪೌಣೆ, ಒಂದೂವರೆಯ ದೀಡ, ಎರಡೂವರೆಯ ಅಡೀಚ ಯಾವುದು ನೆಟ್ಟಗೆ ಬರುತ್ತದೆ? ಇಂಗ್ಲಿಷ್ ಶಾಲೆಯಲ್ಲಿ ಓದಿದವರು. ಪಾವು ಕಿಲೋ ನೆನಪಿಟ್ಟುಕೊಂಡು ಹಿತೇಶನ ಹಾಗೆ ಅವಳೂ ಎಡವಿರಬಹುದು. ತಂಡ ಸೋತರೆ ಕ್ಯಾಪ್ಟನ್ನಿಗೆ ಸಿಗುವುದಾದರೂ ಏನು? ತಪ್ಪು ಮಾಡಿದವಳು ತಾನೇ ನನ್ನನ್ನು ಕರೆಸುತ್ತಾಳೆಯೇ? ಮೂರು ದಿನದಿಂದ ಕಾಕಾ ಕಾಕಾ ಎಂದು ಹಿಂದೆ ಮುಂದೆ ಓಡಾಡಿದ ಹುಡುಗಿ. ನನಗೆ ಅವಳ ಮೇಲೆ ಅಕ್ಕರೆ ಹುಟ್ಟಿತ್ತು. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಠಾಣೆಯಲ್ಲಿ ಗಾಡಿ ಬದಲಿಸುವಾಗ ಬೆಳಗಿನ ಮಾತು ನೆನಪಾಯಿತು.

ಪೌಣೆ ಆರಕ್ಕ ಬರ್ತೀನಿ.

ಇದಕ್ಕಿಂತ ಸುಲಭದ ಪರೀಕ್ಷೆ ಯಾರೂ ಒಡ್ಡಲಾರರು. ಪೌಣೆ ಎಂದರೆ ಮೇಲೆ ಕಾಲು ಎಂದು ಅವಳು ನಿಜವಾಗಿ ತಿಳಿದಿದ್ದರೆ ಆರೂಕಾಲಿಗೆ ಬರುತ್ತಾಳೆ. ಆಗ ಅದು ಬರೀ ತಪ್ಪು, ಇಮೇಲ್ ಬರೆದವರನ್ನು ಬೇರೆ ಕಡೆ ಹುಡುಕಬೇಕು. ಐದೂಮುಕ್ಕಾಲಿಗೆ ಬಂದರೆ ಅವಳಿಗೆ ಆ ಶಬ್ದದ ಅರ್ಥ ಚೆನ್ನಾಗಿ ಗೊತ್ತಿತ್ತು ಎಂದಾಯಿತು.

ಐದೂವರೆಗೆ ಡೊಂಬಿವಲಿಯ ಮನೆ ತಲುಪಿದೆ. ಕೈಕಾಲು ತೊಳೆದು, ಗಡಿಯಾರದ ಎದುರಿಗೆ ಕುರ್ಚಿ ಎಳೆದುಕೊಂಡು ಕೂತೆ. ನಾನು ಫೋನು ಮಾಡುವವರೆಗೆ ಯಾರಿಗೂ ಏನೂ ಹೇಳಬೇಡ ಎಂದು ಹಿತೇಶನಿಗೆ ತಾಕೀತು ಮಾಡಿ, ಅವನ ಮೊಬೈಲ್ ನಂಬರು ಪಡೆದು ನನ್ನದು ಕೊಟ್ಟು ಬಂದಿದ್ದೆ. ಅವನು ತಲೆಯಾಡಿಸಿದ್ದ. ಆದರೆ ತಂಗಿಯ ಮುಂದೆ ಎಷ್ಟು ಹೊತ್ತು ಬಾಯಿ ಕಟ್ಟಿಕೊಂಡಿರುತ್ತಾನೋ ಎಂಬ ಅಳುಕಿತ್ತು.

ಐದು ನಲವತ್ತು. ಐದು ನಲವತ್ತೆರಡು.

ಮೂವತ್ತನಾಲ್ಕು ವರ್ಷ ತಡವಾಗಿ ಬಂದ ಗಾಡಿಗಳನ್ನು ಶಪಿಸಿದವನು ನಾನು. ಈ ಹುಡುಗಿ ತಡವಾಗಿ ಬರಲಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಸಿಗ್ನಲ್ ಕೆಡಲಿ, ಗಾಡಿ ನಿಲ್ಲಲಿ, ರಿಕ್ಷಾ ಸಿಗದಿರಲಿ.

ಮುಳ್ಳು ಒಂಬತ್ತರ ಮೇಲೆ ಬಂತು. ಬಾಗಿಲ ಗಂಟೆ ಸದ್ದು ಮಾಡಿತು.

ತೆರೆದರೆ ಶಿವಾನಿ. “ಪೌಣೆ ಆರು ಅಂದಿದ್ದೆ, ನೋಡ್ರಿ ಕಾಕಾ, ಕರೆಕ್ಟ್ ಟೈಮ್‌ಕ್ಕ ಬಂದೀನಿ,” ಅಂದಳು. ಅವಳ ಹಿಂದೆ ಇನ್ನೊಬ್ಬಳಿದ್ದಳು. ಅಳುತ್ತ ಬಂದದ್ದು ಕಣ್ಣಿನಲ್ಲೇ ಗೊತ್ತಾಗುತ್ತಿತ್ತು. ಅಶ್ಮಿತಾ.

ಇಬ್ಬರನ್ನೂ ಒಳಗೆ ಕರೆದು ಕೂರಿಸಿದೆ. ನನ್ನ ಫೋನನ್ನು ಮೇಜಿನ ಮೇಲಿಟ್ಟು ನೀರು ತರಲು ಹೋದೆ. ಬರುವಷ್ಟರಲ್ಲಿ ಶಿವಾನಿ ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಹರಡಿದ್ದಳು.

“ಸಮಿತಿಗೆ ಜವಾಬು ಕಾಕಾ. ಲಂಚ್ ಟೈಮ್‌ನ್ಯಾಗ ಟೈಪ್ ಮಾಡಿದೆ. ನಾಳೆ ಇದು ಕೊಟ್ರ ಆಶೂ ಉಳೀತಾಳ. ಆಕಿ ಸಹಿ ಮಾಡ್ಯಾಳ. ರೈಲ್ವೆ ಕ್ಲೇಮಿನ ಅಧಿಕಾರಿ ತನಿಖಿ ಮಾಡ್ಯಾರ ಅಂತ ನಿಮ್ಮ ಸಹಿ ಒಂದು ಬೇಕು. ಅದಿಲ್ದ ಅವ್ರು ನಂಬಂಗಿಲ್ಲ.”

ಕನ್ನಡಕ ಹಾಕಿಕೊಂಡು ಓದಿದೆ. ಇಂಗ್ಲಿಷು ಅಚ್ಚುಕಟ್ಟಾಗಿತ್ತು. ಮಷೀನು ಆರಿದ್ದು ಸಪ್ಲೈ ಕಡಿಮೆಯಾದ್ದರಿಂದ. ಅದನ್ನು ಕಡಿಮೆ ಮಾಡಿಸಿದ್ದು ಅಶ್ಮಿತಾ ಅಲ್ಲ. ಮೂರನೇ ಸಾಲಿನಲ್ಲಿ ಹೀಗಿತ್ತು: ಅಂಗಡಿಗೆ ಫೋನು ಮಾಡಿ 750 ಹಾಕಿಸಿದವನು ನನ್ನ ಅಣ್ಣ ಹಿತೇಶ್, ನಾನು ಆಟ ಬಿಡಲಿ ಎಂಬುದು ಅವನ ಇಚ್ಛೆಯಾಗಿತ್ತು.

ಫೋನು ಮಾಡಿದವರ ಹೆಸರನ್ನು ನಾನು ಇನ್ನೂ ಯಾರಿಗೂ ಹೇಳಿರಲಿಲ್ಲ.

ಅಶ್ಮಿತಾಳ ಸಹಿ ಕೆಳಗಿತ್ತು. ಕೊನೆಯ ಅಕ್ಷರ ಸೊಟ್ಟಗಾಗಿತ್ತು. ಅದರ ಪಕ್ಕದ ಖಾಲಿ ಗೆರೆಯ ಕೆಳಗೆ ನನ್ನ ಹೆಸರು ಆಗಲೇ ಅಚ್ಚಾಗಿತ್ತು.

“ಅಂಕಲ್,” ಅಂದಳು ಅಶ್ಮಿತಾ, “ಭೈಯಾ ನೇ ಸಚ್ ಮೇ ಐಸಾ ಕಿಯಾ? ಅಣ್ಣ ನಿಜಕ್ಕೂ ಹೀಗೆ ಮಾಡಿದ್ನಾ?”

ಶಿವಾನಿ ಪೆನ್ನಿನ ಟೋಪಿ ತೆಗೆದು ನನ್ನತ್ತ ಚಾಚಿದಳು. ಸಹಿ ಹಾಕಿದರೆ ಈ ಹುಡುಗಿಯ ಆಟ ಉಳಿಯುತ್ತದೆ, ಅಣ್ಣ ಹೋಗುತ್ತಾನೆ. ಹಾಕದಿದ್ದರೆ ನಾಳೆ ಹನ್ನೊಂದಕ್ಕೆ ಆಟ ಹೋಗುತ್ತದೆ. ಶಿವಾನಿಯ ವಿರುದ್ಧ ನನ್ನ ಕೈಯಲ್ಲಿದ್ದದ್ದು ಅಣ್ಣನೊಬ್ಬ ಹೇಳಿದ ಒಂದು ಶಬ್ದ, ಒಂದು ಗಡಿಯಾರ, ಅಷ್ಟೇ.

“ಯಾಕ ಕಾಕಾ,” ಅಂದಳು ಶಿವಾನಿ, “ಏನಾರ ತಪ್ಪು ಬರದೀನೇನು?”

ಆಗ ಮೇಜಿನ ಮೇಲಿದ್ದ ನನ್ನ ಫೋನು ನಡುಗತೊಡಗಿತು. ತೆರೆಯ ಮೇಲೆ ಹಿತೇಶನ ಹೆಸರು ಮೂಡಿತು.

ನಾನು ಕೈ ಚಾಚುವ ಮೊದಲೇ ಅಶ್ಮಿತಾ ಅದನ್ನು ಎತ್ತಿಕೊಂಡು ಕಿವಿಗೆ ಹಿಡಿದಳು.